ಓದದ ಫ್ರೇಮು, ತಪ್ಪಿದ ಲೆಕ್ಕ

ಕಳ್ಳಕಾಕರ ಭಯದಿಂದ ಕಾರ್ಖಾನೆಗಳಿಗೆ ಬಂದ ಕ್ಯಾಮೆರಾ ಈಗ ಕೆಲಸದ ವೇಗವನ್ನೂ ಅಳೆಯತೊಡಗಿದೆ. 2014ರ ಸೆಪ್ಟೆಂಬರ್‌ನಲ್ಲಿ ಫುಡ್ ಪಾರ್ಕ್ ಉದ್ಘಾಟನೆಗೊಂಡ ವಸಂತನರಸಾಪುರದಲ್ಲಿ ಪ್ಯಾಕಿಂಗ್ ಘಟಕ ನಡೆಸುವ ನಾನೂ ಈ ಮೋಹಕ್ಕೆ ಒಳಗಾದವನೇ. ಆದುದರಿಂದ ಅನುಭವದ ಮಾತೊಂದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಒಂದು ಪೆಟ್ಟಿಗೆ ತುಂಬಲು ರಾತ್ರಿ ಪಾಳಿಯಲ್ಲಿ 32 ಸೆಕೆಂಡು, ಹಗಲು ಪಾಳಿಯಲ್ಲಿ 40 ಸೆಕೆಂಡು ತಗಲುತ್ತದೆಂದು ವಿಡಿಯೋ ವಿಶ್ಲೇಷಿಸುವ ತಂತ್ರಾಂಶ ವರದಿ ಕೊಟ್ಟಿತು. ನಾವು ಹಿಂದುಮುಂದು ನೋಡದೆ 32 ಸೆಕೆಂಡನ್ನೇ ಗುರಿಯೆಂದು ಗೊತ್ತುಪಡಿಸಿದೆವು. ಹಗಲು ಪಾಳಿಯವರ ಪ್ರೋತ್ಸಾಹಧನ ನಿಂತಿತು. ಹಿರಿಯ ಕೆಲಸಗಾರ್ತಿಯೊಬ್ಬರು, "ಸಾರ್, ರಾತ್ರಿ ಒಂದು ಸಲ ನೀವೇ ಗಡಿಯಾರ ಹಿಡಿದು ನಿಂತು ನೋಡಿ" ಎಂದರು. ನಿಂತು ನೋಡಿದೆ. ರಾತ್ರಿಯೂ 40 ಸೆಕೆಂಡೇ!

ಕಾರಣ ಸರಳವಾಗಿತ್ತು. ಬೆಳಕು ಕಡಿಮೆಯಾದಾಗ ನಮ್ಮ ಕ್ಯಾಮೆರಾ ಸೆಕೆಂಡಿಗೆ 25ರ ಬದಲು 20 ಫ್ರೇಮುಗಳನ್ನಷ್ಟೇ ಸೆರೆಹಿಡಿಯುತ್ತಿತ್ತು. ತಂತ್ರಾಂಶವಾದರೋ 800 ಫ್ರೇಮುಗಳನ್ನು ಎಣಿಸಿ, ಕಡತದ ವಿವರದಲ್ಲಿ ನಮೂದಾಗಿದ್ದ 25ರಿಂದ ಭಾಗಿಸಿ ಕೈತೊಳೆದುಕೊಂಡಿತ್ತು. ಪ್ರತಿ ಫ್ರೇಮಿನೊಡನೆ ದಾಖಲಾಗುವ ಸಮಯಮುದ್ರೆಯನ್ನು ಓದಿದ್ದರೆ ಈ ಪ್ರಮಾದವೇ ಆಗುತ್ತಿರಲಿಲ್ಲ.

ಇದಕ್ಕಿಂತ ಅಪಾಯಕಾರಿಯಾದುದು ಮತ್ತೊಂದಿದೆ. ಎಚ್.264 ಪದ್ಧತಿಯಲ್ಲಿ ಪೂರ್ಣ ಚಿತ್ರ ಆಗೊಮ್ಮೆ ಈಗೊಮ್ಮೆ ಮಾತ್ರ ದಾಖಲಾಗುತ್ತದೆ. ನಡುವಿನವು ಬಹುತೇಕ ಬದಲಾವಣೆಗಳ ಟಿಪ್ಪಣಿಗಳು. ಒಂದು ಕೆಟ್ಟರೆ ಮುಂದಿನ ಪೂರ್ಣ ಚಿತ್ರದವರೆಗೆ ಉಳಿದವೂ ಕೆಡಬಹುದು. ಫ್ರೇಮು ಸಿಗದಿದ್ದಾಗ ಕಡತವೇ ಮುಗಿಯಿತೆಂದು ಭಾವಿಸಿ ನಿಲ್ಲುವ ತಂತ್ರಾಂಶಗಳುಂಟು. ಎಂಟು ಗಂಟೆಯ ಪಾಳಿಯಲ್ಲಿ 25ರಂತೆ 7,20,000 ಫ್ರೇಮುಗಳಿರಬೇಕು. ಮೂರನೆಯ ಗಂಟೆಗೇ ಓದು ನಿಂತು, ಮಿಕ್ಕ ಐದು ಗಂಟೆಗಳಿಗೆ "ದೋಷ: ಸೊನ್ನೆ" ಎಂದು ಅಚ್ಚಾಗಿ ಬಂದರೆ ಆ ಸರಕಿಗೆ ಹೊಣೆ ಯಾರು?

ವಿದ್ಯುತ್ ಕಡಿತದ ಸಂಗತಿ ನಮಗೆ ಹೊಸತಲ್ಲ. ಸಾಮಾನ್ಯ ಎಂಪಿ4 ಕಡತದ ಸೂಚಿ ಕೊನೆಯಲ್ಲಿ ಬರೆಯಲ್ಪಡುವುದರಿಂದ, ನಡುವೆ ವಿದ್ಯುತ್ ಹೋದರೆ ಇಡೀ ಕಡತ ತೆರೆಯದಿರಬಹುದು. ರೆಕಾರ್ಡರಿಗೆ ಯುಪಿಎಸ್ ಕೊಟ್ಟು, ಹದಿನೈದು ನಿಮಿಷಗಳ ತುಂಡುಗಳಾಗಿ ದಾಖಲಿಸುವುದು ಲೇಸು. ಉಚಿತವಾಗಿ ದೊರೆಯುವ ಎಫ್‌ಎಫ್‌ಪ್ರೋಬ್‌ನಿಂದ ಫ್ರೇಮುಗಳನ್ನು ನಿಜವಾಗಿ ಎಣಿಸಿ ತಾಳೆ ನೋಡಬಹುದು. ಕಡತವನ್ನು ಪರಿವರ್ತಿಸಬೇಕಾದರೆ ಪ್ರತಿಯನ್ನು ಪರಿವರ್ತಿಸಿ, ಮೂಲವನ್ನು ಮುಟ್ಟಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಕಡತದ ಹ್ಯಾಶ್ ಮೌಲ್ಯವನ್ನು ಕೇಳುತ್ತದೆ.

ತಂತ್ರಾಂಶ ಮಾರುವವರು ಇವೆಲ್ಲ ಸಣ್ಣಪುಟ್ಟ ತಾಂತ್ರಿಕ ತೊಡಕುಗಳೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇರಬೇಕಾದ ಫ್ರೇಮುಗಳೆಷ್ಟು, ಓದಿದವೆಷ್ಟು, ಓದದೆ ಬಿಟ್ಟವೆಷ್ಟು ಎಂಬ ಮೂರು ಅಂಕಣಗಳಿಲ್ಲದ ವರದಿಗೆ ಹಣ ಪಾವತಿ ಮಾಡುವುದಿಲ್ಲವೆಂಬ ಷರತ್ತನ್ನು ಖರೀದಿ ಆದೇಶದಲ್ಲಿಯೇ ಬರೆಯಬೇಕು. ಒಬ್ಬಿಬ್ಬರು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ; ಸಂಸ್ಥೆಯ ಸದಸ್ಯರೆಲ್ಲರೂ ಒಂದೇ ಮಾದರಿ ಷರತ್ತು ಮುಂದಿಟ್ಟರೆ ಮಾತು ಬೇರೆ. ಅದರ ಕರಡನ್ನು ಮುಂದಿನ ಸಭೆಗೆ ತರಲು ಸಿದ್ಧನಿದ್ದೇನೆ.

ನಮ್ಮ ಘಟಕದಲ್ಲಿ ಗುರಿ ಮತ್ತೆ 40 ಸೆಕೆಂಡಿಗೆ ಬಂದಿದೆ. ತಡೆಹಿಡಿದಿದ್ದ ಪ್ರೋತ್ಸಾಹಧನವನ್ನು ಮುಂದಿನ ಸಂಬಳದೊಡನೆ ಬಾಕಿಯಿಲ್ಲದೆ ಕೊಟ್ಟೆವು.