ಸಮಾರಂಭ ನಿರ್ವಹಣೆ: ವೃತ್ತಿ ಹಳೆಯದು, ಲೆಕ್ಕಪತ್ರ ಇನ್ನೂ ಬರಬೇಕಿದೆ

ಹಾಸನ ಜಿಲ್ಲೆಯ ವರ್ತಕ ಕುಟುಂಬವೊಂದರಲ್ಲಿ ಬಿ.ಕಾಂ. ಮುಗಿಸಿದ ಮಗನೋ ಮಗಳೋ ಈವೆಂಟ್ ಮ್ಯಾನೇಜ್‌ಮೆಂಟ್ ವೃತ್ತಿಯನ್ನು ಕೈಗೊಳ್ಳುವೆನೆಂದರೆ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡರಲ್ಲಿ ಒಂದು. ‘ಶಾಮಿಯಾನ ಹಾಕಿಸುವುದಕ್ಕೆ ಪದವಿ ಏಕೆ?’ ಎಂಬುದು ಮೊದಲನೆಯದು. ‘ಅದು ಬೆಂಗಳೂರಿನಲ್ಲಿ ನಡೆಯುವ ವ್ಯವಹಾರ, ನಮ್ಮೂರಿನದಲ್ಲ’ ಎಂಬುದು ಎರಡನೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೇಟೆಗಳನ್ನು ಬಲ್ಲ ಯಾರೂ ಈ ಎರಡು ಮಾತುಗಳನ್ನು ಒಪ್ಪಲಾರರು. ಈ ವ್ಯವಹಾರ ನಾಲ್ಕೂ ಪಟ್ಟಣಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದಕ್ಕೆ ಬಿಲ್ಲು, ಕರಾರು ಮತ್ತು ಲೆಕ್ಕಪುಸ್ತಕಗಳು ಮಾತ್ರ ಇನ್ನೂ ಬಂದಿಲ್ಲ.

ಈ ಭಾಗದ ಒಂದು ಮದುವೆಯನ್ನೇ ಗಮನಿಸಬಹುದು. ಕಲ್ಯಾಣ ಮಂಟಪ ಒಬ್ಬರದು, ಅಡಿಗೆಯವರ ತಂಡ ಇನ್ನೊಬ್ಬರದು, ಪಾತ್ರೆ ಮತ್ತು ಕುರ್ಚಿ ಬಾಡಿಗೆ ಮತ್ತೊಬ್ಬರದು. ಹೂವಿನ ಅಲಂಕಾರ, ವಾಲಗ, ಛಾಯಾಗ್ರಹಣ, ಜನರೇಟರ್, ಬಸ್ಸು, ಎಲ್ಲಕ್ಕೂ ಬೇರೆ ಬೇರೆ ಜನ. ಧಾರೆಯ ಮರುದಿನವೋ ಆ ವಾರದಲ್ಲೋ ಬೀಗರ ಊಟ. ಅದಕ್ಕೆ ಬೇರೆಯೇ ಬಾಣಸಿಗರು, ಬೇರೆಯೇ ಪಾತ್ರೆ, ಬಹುಪಾಲು ಬೇರೆಯೇ ಜಾಗ. ಇವರೆಲ್ಲರನ್ನೂ ಜೋಡಿಸುವ ಹೊಣೆಯನ್ನು ಒಂದು ಕಾಲದಲ್ಲಿ ಹೆಣ್ಣಿನ ಸೋದರಮಾವನೋ ದೊಡ್ಡಪ್ಪನ ಮಗನೋ ಹೊರುತ್ತಿದ್ದರು. ಇಂದು ಆ ಸೋದರಮಾವ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಆರತಕ್ಷತೆಯ ಸಂಜೆ ಬಂದಿಳಿಯುತ್ತಾನೆ. ಅವನು ಬಿಟ್ಟುಹೋದ ಹೊಣೆಯೇ ಈವೆಂಟ್ ಮ್ಯಾನೇಜ್‌ಮೆಂಟ್. ಕುರ್ಚಿ ಒದಗಿಸುವವನಿಗೆ ಸಿಗುವುದು ಬಾಡಿಗೆ. ಕುರ್ಚಿ ಬಾರದಿದ್ದರೆ ಉತ್ತರ ಕೊಡಬೇಕಾದವನಿಗೆ ಸಿಗುವುದು ಸೇವಾಶುಲ್ಕ. ಈ ಅಂತರವನ್ನು ಅರಿತವರಿಗೆ ಮಾತ್ರ ಇದು ವೃತ್ತಿಯಾದೀತು.

ಈ ವೃತ್ತಿಯ ಆದಾಯ ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಮುಹೂರ್ತಗಳಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನ ಹಣ ಕೈಸೇರಿದ ಮೇಲೆ ಮನೆಗಳಲ್ಲಿ ಶುಭಕಾರ್ಯಗಳ ಮಾತು ಏಳುತ್ತದೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಧಾರಣೆ ಏರಿದ ವರ್ಷ ಪಂಕ್ತಿಯ ಎಲೆಗಳೂ ಹೆಚ್ಚುತ್ತವೆ. ಆದ್ದರಿಂದ ಬಿಡುವಿನ ತಿಂಗಳುಗಳ ಬಾಡಿಗೆ ಮತ್ತು ಸಂಬಳಕ್ಕೆ ಹಣ ತೆಗೆದಿರಿಸದೆ ಅಂಗಡಿ ತೆರೆಯುವವರು ಎರಡನೆಯ ಆಷಾಢವನ್ನು ದಾಟುವುದು ಕಷ್ಟ.

ಮದುವೆಗಳಾಚೆಗೂ ಕ್ಷೇತ್ರ ವಿಶಾಲವಾಗಿದೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ 2025ರ ಅಕ್ಟೋಬರ್ 9ರಿಂದ 23ರವರೆಗಿನ ಅವಧಿಯಲ್ಲಿ 20 ಲಕ್ಷಕ್ಕೂ ಅಧಿಕ ಜನರು ಬಂದರು. ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿಯ ಷಷ್ಠಿ ರಥೋತ್ಸವವಿದೆ. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಆಯುಧಪೂಜೆ ಉಂಟು, ವಿತರಕರ ಸಭೆಗಳುಂಟು. ಎಲ್ಲಕ್ಕಿಂತ ದೊಡ್ಡದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. 1981, 1993, 2006, 2018ರ ನಂತರ, ಹನ್ನೆರಡು ವರ್ಷಗಳ ವಾಡಿಕೆಯಂತೆ, ಅದು 2030ರಲ್ಲಿ ಬರಬೇಕು. 2018ರಲ್ಲಿ ಅಭಿಷೇಕಕ್ಕೆ ಜರ್ಮನಿಯ ತಂತ್ರಜ್ಞಾನದ ಅಟ್ಟಣಿಗೆಯನ್ನು ನಿಲ್ಲಿಸಲಾಯಿತು; ಯಾತ್ರಿಕರಿಗಾಗಿ ತಾತ್ಕಾಲಿಕ ಉಪನಗರಗಳು ತಲೆಯೆತ್ತಿದವು. ಅಟ್ಟಣಿಗೆ ಸ್ಥಳೀಯರ ಅಳವಿಗೆ ಮೀರಿದ್ದಿರಬಹುದು. ಆದರೆ ಊಟ, ಹಾಸಿಗೆ, ಬೇಲಿ, ದೀಪ, ನೀರು, ಧ್ವನಿವರ್ಧಕ ಮತ್ತು ಶುಚಿತ್ವದ ಕೆಲಸಗಳನ್ನು ಈ ನಾಲ್ಕು ಪಟ್ಟಣಗಳವರು ಮಾಡಲಾರರೆಂದು ಹೇಳಲು ಕಾರಣವಿಲ್ಲ.

ಆದರೂ ಒಂದು ತೊಡಕಿದೆ. ಸರ್ಕಾರಿ ಹಣದ ಕೆಲಸಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ ಟೆಂಡರಿನ ಮೂಲಕ ಹೋಗುತ್ತವೆ. ದೊಡ್ಡ ಟೆಂಡರುಗಳು ಹಿಂದಿನ ವರ್ಷಗಳ ವಹಿವಾಟಿನ ಪ್ರಮಾಣಪತ್ರವನ್ನೂ, ಅದೇ ಬಗೆಯ ಕೆಲಸವನ್ನು ಪೂರೈಸಿದ ದಾಖಲೆಯನ್ನೂ ಕೇಳುವುದು ವಾಡಿಕೆ. ಮೂವತ್ತು ವರ್ಷ ಸಾವಿರಾರು ಜನರಿಗೆ ಊಟ ಬಡಿಸಿದ ಅಡಿಗೆಯವರ ಬಳಿ ತೋರಿಸಲು ಒಂದು ಬಿಲ್ಲಿನ ಪ್ರತಿಯೂ ಇರುವುದಿಲ್ಲ. 2029ರಲ್ಲಿ ಟೆಂಡರು ಕರೆದು ಹಿಂದಿನ ಮೂರು ವರ್ಷಗಳ ಲೆಕ್ಕ ಕೇಳಿದರೆ, ಮೊದಲನೆಯದು 2026-27. ಆ ವರ್ಷದಿಂದಲೇ ಪುಸ್ತಕ ಬರೆದಿಡದವರು ತಮ್ಮ ತಾಲ್ಲೂಕಿನಲ್ಲೇ ಹೊರಗಿನ ಗುತ್ತಿಗೆದಾರರ ಕೈಕೆಳಗೆ ದಿನಗೂಲಿಗೆ ನಿಲ್ಲಬೇಕಾದೀತು.

ಕಾನೂನು ಈ ವೃತ್ತಿಯನ್ನು ಗುರುತಿಸಿ ಬಹಳ ಕಾಲವಾಯಿತು. ಕಲ್ಯಾಣ ಮಂಟಪಗಳಿಗೆ 1997ರಲ್ಲಿ, ಈವೆಂಟ್ ಮ್ಯಾನೇಜ್‌ಮೆಂಟಿಗೆ 2002ರಲ್ಲಿ, ಶಾಮಿಯಾನದವರಿಗೆ 2004ರಲ್ಲಿ ಸೇವಾ ತೆರಿಗೆ ಬಂದಿತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಯಲ್ಲಿದ್ದು, ಸಮಾರಂಭ ನಿರ್ವಹಣೆಗೆ ಶೇಕಡಾ 18ರ ದರವಿದೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯ.

ಹೊಸಬರು ಎಡವುವುದು ಈ 20 ಲಕ್ಷದ ಎಣಿಕೆಯಲ್ಲಿ. ಒಂದು ಮದುವೆಯ ಒಟ್ಟು ವೆಚ್ಚ 8 ಲಕ್ಷ ರೂಪಾಯಿ, ಅದರಲ್ಲಿ ನಿರ್ವಾಹಕನ ಸ್ವಂತ ಶುಲ್ಕ 80 ಸಾವಿರ ಎಂದು ಭಾವಿಸೋಣ. ಮೊತ್ತವನ್ನೆಲ್ಲ ತನ್ನ ಹೆಸರಿನಲ್ಲೇ ಪಡೆದು ಒಂದೇ ಬಿಲ್ಲು ಬರೆದರೆ ಮೂರು ಮದುವೆಗಳಿಗೆ ಅವನ ವಹಿವಾಟು 24 ಲಕ್ಷವಾಗುತ್ತದೆ; ಕೈಗೆ ಬಂದ ಶುಲ್ಕ 2 ಲಕ್ಷ 40 ಸಾವಿರ ಮಾತ್ರ. ನೋಂದಣಿಯ ನಂತರ ಇಂಥ ಪ್ರತಿ ಬಿಲ್ಲಿಗೆ 1,44,000 ರೂಪಾಯಿ ತೆರಿಗೆ ಬೀಳುತ್ತದೆ. ಹೂವಿನವರು, ವಾಲಗದವರು, ಅಡಿಗೆಯವರು ನೋಂದಾಯಿತರಲ್ಲದಿದ್ದರೆ ಅವರಿಗೆ ಕೊಟ್ಟ ಹಣದ ಮೇಲೆ ತೆರಿಗೆ ಜಮೆಯೂ ದೊರೆಯದು. ಇದರ ಬದಲು ಪೂರೈಕೆದಾರರ ಬಿಲ್ಲುಗಳನ್ನು ಮದುವೆ ಮನೆಯವರ ಹೆಸರಿನಲ್ಲೇ ಪಡೆದು, ಒಂದು ರೂಪಾಯಿಯನ್ನೂ ಸೇರಿಸದೆ ಇದ್ದಷ್ಟೇ ವಸೂಲು ಮಾಡಿ, ಅದಕ್ಕೆ ಮೊದಲೇ ಲಿಖಿತ ಕರಾರು ಮಾಡಿಕೊಂಡರೆ, ನಿಯಮಗಳು ಅವನನ್ನು ‘ಪ್ಯೂರ್ ಏಜೆಂಟ್’ ಎಂದು ಒಪ್ಪುತ್ತವೆ. ಆಗ ತೆರಿಗೆ 80 ಸಾವಿರದ ಮೇಲೆ ಮಾತ್ರ, ಎಂದರೆ 14,400 ರೂಪಾಯಿ. ಕುರ್ಚಿಗೆ ಎರಡು ರೂಪಾಯಿ ಒಳಗಿಂದೊಳಗೆ ಸೇರಿಸುವ ಅಭ್ಯಾಸವಿರುವವರಿಗೆ ಈ ಸೌಲಭ್ಯವಿಲ್ಲ.

ಹೀಗೆ ಮಾಡಿದರೆ ವಹಿವಾಟಿನ ಅಂಕಿ ಕುಗ್ಗುತ್ತದೆ, ಟೆಂಡರಿಗಾದರೋ ದೊಡ್ಡ ಅಂಕಿ ಬೇಕು. ಈ ಇಕ್ಕಟ್ಟಿಗೆ ಪರಿಹಾರವೆಂದರೆ ಗಿರಾಕಿಗಳನ್ನು ಎರಡು ಬಗೆಯಾಗಿ ಕಾಣುವುದು. ಮನೆಯ ಮದುವೆಗಳಲ್ಲಿ ಏಜೆಂಟರ ಪದ್ಧತಿ ಸೂಕ್ತ. ಕಾರ್ಖಾನೆ, ಕಂಪನಿಗಳ ಕೆಲಸವನ್ನು ಮಾತ್ರ ಪೂರ್ಣವಾಗಿ ವಹಿಸಿಕೊಂಡು ಪೂರ್ಣ ಬಿಲ್ಲು ಬರೆಯಬೇಕು. ಜಿ.ಎಸ್.ಟಿ. ನೋಂದಣಿಯುಳ್ಳ ಗಿರಾಕಿಗಳಿಗೆ, ಊಟೋಪಚಾರದ ಬಾಬತ್ತನ್ನು ಹೊರತುಪಡಿಸಿ, ವ್ಯಾಪಾರಕ್ಕಾಗಿ ಕೊಟ್ಟ ತೆರಿಗೆ ಬಹುಮಟ್ಟಿಗೆ ಜಮೆಯಾಗಿ ಮರಳುವುದರಿಂದ ಅವರು ಶೇಕಡಾ 18ಕ್ಕೆ ಹೆದರುವುದಿಲ್ಲ. ಅಂಥ ಬಿಲ್ಲುಗಳು ಮತ್ತು ಮೂಲದಲ್ಲಿ ಕಡಿತವಾದ ತೆರಿಗೆಯ ವಿವರಗಳೇ ಮುಂದೆ ಅನುಭವಕ್ಕೆ ಸಾಕ್ಷಿಯಾಗುತ್ತವೆ.

ಮುಂಗಡದ ವಿಷಯವನ್ನೂ ಹೇಳಬೇಕು. ಸೇವೆಯ ಮುಂಗಡಕ್ಕೆ ಪಡೆದಾಗಲೇ ತೆರಿಗೆ ಸಲ್ಲುತ್ತದೆಯೇ ಹೊರತು ಸಮಾರಂಭದ ದಿನದವರೆಗೆ ಕಾಯುವಂತಿಲ್ಲ. 2020ರಲ್ಲಿ ಲಾಕ್‌ಡೌನ್ ಬಂದು ಮದುವೆಗೆ 50 ಜನರ ಮಿತಿ ಬಿದ್ದಾಗ, ಮುಂಗಡ ಹಿಂದಿರುಗಿಸುವ ಕುರಿತು ಒಂದು ಸಾಲನ್ನೂ ಬರೆದುಕೊಳ್ಳದಿದ್ದವರಿಗೆ ಜಗಳ ತಪ್ಪಲಿಲ್ಲ. ಬಾಯಿಮಾತಿನ ವಿಶ್ವಾಸ ಒಳ್ಳೆಯದೇ. ಒಂದು ಪುಟದ ಕರಾರಿನಿಂದ ಅದಕ್ಕೆ ಕುಂದು ಬಾರದು.

ಹೊಣೆ ಹಣಕ್ಕಷ್ಟೇ ಸೀಮಿತವೂ ಅಲ್ಲ. 2023ರ ನವೆಂಬರ್ 10ರಂದು ಹಾಸನಾಂಬೆಯ ದರ್ಶನದ ಸಾಲಿನಲ್ಲಿ ವಿದ್ಯುತ್ ತಂತಿಯಿಂದ ಗಾಬರಿ ಹುಟ್ಟಿ ನೂಕುನುಗ್ಗಲಾಗಿ ಜನರು ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಪ್ರಾಣ ಕಳೆದುಕೊಂಡರು. ಪೊಲೀಸರು ಬಂಧಿಸಿದವರಲ್ಲಿ ಸಮಾರಂಭ ನಿರ್ವಹಣೆಯ ಸಂಸ್ಥೆಗೆ ಸೇರಿದವರೂ ಇದ್ದರು. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ, ಹೊರಹೋಗುವ ಎರಡನೆಯ ದಾರಿ, ಸಾರ್ವಜನಿಕ ಹೊಣೆಯ ವಿಮೆ, ಇವನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ತೋರಿಸಬೇಕು. ಬೆಲೆ ಇಳಿಸಲೆಂದು ಇವನ್ನು ಬಿಡುವ ಗಿರಾಕಿಯ ಕೆಲಸವನ್ನೇ ಬಿಡುವುದು ಲೇಸು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಿಂದಲೂ ಇದೆ. ಬೀಗರಿಗೆ ಅದನ್ನು ತಿಳಿಸಿ ಹೇಳುವ ಧೈರ್ಯವೂ ವೃತ್ತಿಯ ಭಾಗವೇ.

ತರಬೇತಿಗಾಗಿ ಲಕ್ಷಗಟ್ಟಲೆ ಶುಲ್ಕ ತೆತ್ತು ಮಹಾನಗರದ ಡಿಪ್ಲೊಮಾ ಪಡೆಯುವ ಮೊದಲು, ಅಡಿಗೆಯವರ ತಂಡದೊಂದಿಗೆ ಒಂದು ಲಗ್ನಕಾಲ, ಶಾಮಿಯಾನದವರೊಂದಿಗೆ ಇನ್ನೊಂದು ಕಳೆಯುವುದು ಮೇಲು. ಬಿಡುವಿನ ಆಷಾಢದಲ್ಲಿ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕುಳಿತರೂ ನಷ್ಟವೇನಿಲ್ಲ. ಹೊಳೆನರಸೀಪುರದಲ್ಲಿ ಸರ್ಕಾರಿ ಮಹಿಳಾ ಗೃಹವಿಜ್ಞಾನ ಕಾಲೇಜಿದೆ. ಆಹಾರ, ಶುಚಿತ್ವ, ಪ್ರಮಾಣಗಳನ್ನು ಶಾಸ್ತ್ರೀಯವಾಗಿ ಕಲಿತ ಹೆಣ್ಣುಮಕ್ಕಳು ಊಟೋಪಚಾರದ ಮೇಲ್ವಿಚಾರಣೆಗೆ ಬರಬೇಕೆಂದು ಈ ಪೇಟೆಗಳು ಇನ್ನೂ ಕೇಳದಿರುವುದೇ ಆಶ್ಚರ್ಯ.

ವಾಣಿಜ್ಯ ಸಂಸ್ಥೆಗಳ ಸದಸ್ಯರು ಇಲ್ಲಿ ಪೋಷಕರಷ್ಟೇ ಅಲ್ಲ, ಗಿರಾಕಿಗಳೂ ಹೌದು. ಉದ್ಯಮ್ ನೋಂದಣಿ ಮಾಡಿಸಿದ ಕಿರು ಸೇವಾ ಘಟಕಕ್ಕೆ ಕರಾರಿಲ್ಲದಿದ್ದರೆ 15 ದಿನಗಳಲ್ಲಿ, ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ತಡಮಾಡಿ ವರ್ಷಾಂತ್ಯಕ್ಕೂ ಬಾಕಿ ಉಳಿಸಿಕೊಂಡರೆ ಆ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಆ ವರ್ಷ ಕಳೆಯಲು ಬಾರದು. ಅಂಗಡಿಯ ವಾರ್ಷಿಕೋತ್ಸವಕ್ಕೋ ಕಾರ್ಖಾನೆಯ ಆಯುಧಪೂಜೆಗೋ ನಾಲ್ಕು ಕಡೆ ನಾಲ್ಕು ಚೀಟಿ ಬರೆಸುವ ಬದಲು ಊರಿನ ಒಬ್ಬ ಯುವ ನಿರ್ವಾಹಕನಿಗೆ ಒಂದೇ ಬಿಲ್ಲಿನಲ್ಲಿ ಕೆಲಸವನ್ನು ಒಪ್ಪಿಸಿ, ಹಣವನ್ನು ಬ್ಯಾಂಕಿನ ಮೂಲಕ ಪಾವತಿಸಿ, ಕೆಲಸ ತೃಪ್ತಿಕರವಾಗಿದ್ದರೆ ಹಾಗೆಂದು ಸಂಸ್ಥೆಯ ಕಾಗದದ ಮೇಲೆ ಎರಡು ಸಾಲು ಬರೆದುಕೊಡಬಹುದು. 2029ರಲ್ಲಿ ಟೆಂಡರಿನ ಲಕೋಟೆಯೊಳಗೆ ಇಡಲು ಅವನಿಗೆ ಬೇಕಾಗುವುದು ಅದೇ ಕಾಗದ.