ಮಳೆ ನಿಂತ ಮೇಲೂ ಕೈತೋಟ

ಮಕ್ಕಳೇ, ಜೂನ್‌ನಲ್ಲಿ ಪರಿಸರ ದಿನದಂದು ಉತ್ಸಾಹದಿಂದ ಸಸಿ ನೆಡುತ್ತೀರಿ. ಮಳೆ ನಿಂತ ಮೇಲೆ ನಿಮ್ಮ ಶಾಲೆಯ ಕೈತೋಟ ಏನಾಗುತ್ತದೆ? ನಾನು ಭೇಟಿ ನೀಡುವ ಅನೇಕ ಶಾಲೆಗಳಲ್ಲಿ ಪಾತಿಗಳು ಬರಿದಾಗಿರುತ್ತವೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹಲವು ತರಕಾರಿಗಳಿಗೆ ಒಳ್ಳೆಯ ಕಾಲ ಶುರುವಾಗುವುದೇ ಆಗ!

ಮೂಲಂಗಿ, ಕ್ಯಾರೆಟ್‌ಗಳಿಗೆ ತಂಪು ಹವೆ ಬೇಕು. ಎಲೆಗಳು ತಯಾರಿಸಿದ ಆಹಾರ ಬೇರಿನಲ್ಲಿ ಸಂಗ್ರಹವಾಗಿ ಗಡ್ಡೆ ದಪ್ಪವಾಗುತ್ತದೆ. ಬಿಸಿಲು ಏರಿದರೆ ಮೂಲಂಗಿ ಖಾರವಾಗಿ ಬೆಂಡಾಗುತ್ತದೆ. ಆದ್ದರಿಂದ ಬೇಸಿಗೆಗೆ ಮುಂಚೆಯೇ ಕೀಳುವಂತೆ ಬಿತ್ತಬೇಕು.

ಹೇಗೆ? ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ. ಕ್ಯಾರೆಟ್‌ಗೆ ಸುಮಾರು 90 ದಿನ, ಮೂಲಂಗಿಗೆ 45 ದಿನ, ಮೆಂತ್ಯ ಸೊಪ್ಪಿಗೆ 30 ದಿನ ಬೇಕು. ಫೆಬ್ರವರಿ 1ರ ಬಿಸಿಯೂಟಕ್ಕೆ ಕ್ಯಾರೆಟ್ ಬೇಕಾದರೆ ನವೆಂಬರ್ 3ಕ್ಕೆ ಬಿತ್ತನೆಯಾಗಬೇಕು. ಉಳಿದೆರಡರ ದಿನಾಂಕವನ್ನು ನೀವೇ ಲೆಕ್ಕ ಹಾಕಿ.

"ನೀರಿಲ್ಲ ಸಾರ್" ಎನ್ನುತ್ತೀರಾ? ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನು ಪಾತಿಗೆ ಹರಿಸಿ. ಗಿಡಗಳ ನಡುವೆ ಒಣಗಿದ ಎಲೆ ಹೊದಿಸಿ. ಮಣ್ಣಿನ ತೇವ ಬೇಗ ಆರುವುದಿಲ್ಲ.

ತೋಟ ನೋಡಲು ಚೆನ್ನಾಗಿದ್ದರೆ ಸಾಲದು. ನಿಮ್ಮ ತಟ್ಟೆಯ ಸಾಂಬಾರಿಗೆ ಅದು ಏನು ಕೊಟ್ಟಿತು ಎಂಬುದೇ ಮುಖ್ಯ.