ಮನೆಗೆ ಚಕ್ರ ಕಟ್ಟುವ ಮುನ್ನ

ಭದ್ರಾವತಿಯ ಹೊಸಮನೆಯಲ್ಲಿ ವಾಸವಾಗಿರುವ ನನ್ನ ಷಡ್ಡಕರು ಕಳೆದ ನವರಾತ್ರಿಯ ಹೊತ್ತಿಗೆ ಒಂದು ಬೆಳಿಗ್ಗೆ, ತಮ್ಮ ಮನೆಯ ಕೆಂಪು ಗಾರೆಯ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ಅಡಿ ಉದ್ದ, ಆರಡಿ ಅಗಲದ ಒಂದು ಆಕೃತಿಯನ್ನು ಬರೆದು, ಅದರೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಶೌಚದ ಗೂಡು ಇವುಗಳ ಸ್ಥಾನಗಳನ್ನು ಗುರುತುಮಾಡಿ, ಆಮೇಲೆ ನನ್ನನ್ನು ಒಳಗೆ ಕರೆದು, "ನೋಡಿ, ಇನ್ನು ಮುಂದೆ ಇದೇ ನಮ್ಮ ಮನೆ" ಎಂದರು. ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಆಟೋ ಕಾಂಪ್ಲೆಕ್ಸಿಗೆ ಎರಡು ಸಲ ಹೋಗಿ, ಟೆಂಪೊ ಟ್ರಾವೆಲರ್ ಎಂಬ ಟಿಟಿ ಗಾಡಿಯೊಂದರ ಒಳಗಣ ಅಳತೆಯನ್ನು ಅಂಗುಲ ಬಿಡದೆ ಬರೆದುಕೊಂಡು ಬಂದಿದ್ದರು. ಅತ್ತಿಗೆ ಆ ಗೆರೆಗಳ ಒಳಗೆ ನಿಂತು ಒಂದು ಸುತ್ತು ತಿರುಗಿ, "ಒಗ್ಗರಣೆ ಹಾಕಿದರೆ ಘಾಟು ಹೋಗುವುದೆಲ್ಲಿಗೆ, ಹಾಸಿಗೆಗೇ ತಾನೆ?" ಎಂದು ಕೇಳಿದರು. ಭಾವನವರು ಉತ್ತರ ಹೇಳಲಿಲ್ಲ. ಒಲೆಯನ್ನು ಅಳಿಸಿ ಬಾಗಿಲಿನ ಪಕ್ಕಕ್ಕೆ ಬರೆದರು.

ಮೋಟಾರ್‌ಹೋಮ್ ಎಂಬ ಈ ವಸ್ತುವನ್ನು ನಮ್ಮವರು ಸಾಮಾನ್ಯವಾಗಿ ಕ್ಯಾರವಾನ್ ಎನ್ನುತ್ತಾರೆ. ಸಿನಿಮಾ ನಟರು ಚಿತ್ರೀಕರಣದ ನಡುವೆ ತಂಪಾಗಿ ಕೂರುವ ಗಾಡಿಯೆಂದೇ ಆ ಶಬ್ದ ನಮಗೆ ಪರಿಚಿತ. ಗಾಡಿಯಲ್ಲಿಯೇ ಸಂಸಾರ ಹೂಡುವ ಕಲ್ಪನೆಯಾದರೋ ನಮಗೆ ಹೊಸದಲ್ಲ. ಕಮಾನು ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಅಕ್ಕಿ ಬೇಳೆ ಪಾತ್ರೆಗಳನ್ನು ಕೆಳಗೆ ತೂಗುಹಾಕಿಕೊಂಡು ಜಾತ್ರೆಗೆ ಹೊರಟು, ಹೊಳೆಯ ದಂಡೆಯಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಂಡ ಹಿರಿಯರ ಮೊಮ್ಮಕ್ಕಳು ನಾವು. ಹೆಗ್ಗೋಡಿನ ನೀನಾಸಮ್‌ನವರು 1985ರಿಂದ ನಡೆಸಿಕೊಂಡು ಬಂದಿರುವ ತಿರುಗಾಟವು ರಂಗಸಜ್ಜಿಕೆಯನ್ನೂ ನಟವರ್ಗವನ್ನೂ ಗಾಡಿಗೇರಿಸಿಕೊಂಡು ವರ್ಷ ವರ್ಷವೂ ನಾಡೆಲ್ಲ ಸಂಚರಿಸುತ್ತಿರುವುದು ನಮ್ಮ ಜಿಲ್ಲೆಯವರು ಕಣ್ಣಾರೆ ಕಂಡಿರುವ ಸಂಗತಿ. ಆದರೆ ಜಾತ್ರೆಯ ಗಾಡಿ ಮರುದಿನ ಗೊಬ್ಬರ ಹೊರುತ್ತಿತ್ತು. ನಾಟಕದವರ ಗಾಡಿ ನಿಂತರೆ ನಾಟಕವೇ ನಿಂತಂತೆ. ವಿಶ್ರಾಂತಿಗೆಂದೇ ಕೊಂಡು, ವಿಶ್ರಾಂತಿ ಬೇಕೆನಿಸಿದಾಗ ಮಾತ್ರ ಓಡಿಸಿ, ಉಳಿದ ಕಾಲವೆಲ್ಲ ತಾನೂ ವಿಶ್ರಮಿಸಿಕೊಂಡಿರುವ ಯಂತ್ರ ಮಾತ್ರ ನಮಗೆ ಹೊಸದು.

ಭಾವನವರ ಬಯಕೆಯನ್ನು ಹಗುರಮಾಡುವುದು ನನ್ನ ಉದ್ದೇಶವಲ್ಲ. ಕಾರ್ಖಾನೆಯ ಕೂಗಿಗೆ ಎದ್ದು, ಕೂಗಿಗೆ ಉಂಡು, ಎ ಶಿಫ್ಟು ಬಿ ಶಿಫ್ಟುಗಳ ಪ್ರಕಾರ ಮೂವತ್ತೊಂದು ವರ್ಷ ನಿದ್ದೆಯನ್ನು ಹಿಂದುಮುಂದು ಮಾಡಿಕೊಂಡು ಬಾಳಿದ ಮನುಷ್ಯನಿಗೆ, ಎಲ್ಲಿ ಮನಸ್ಸು ಬಂದೀತೋ ಅಲ್ಲಿ ನಿಂತು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಲಗಬೇಕೆಂಬ ಆಸೆ ಹುಟ್ಟಿದರೆ, ಅದನ್ನು ಷೋಕಿ ಎಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ. ನನ್ನ ತಕರಾರು ಅವರಿಗೆ ದೊರೆಯುತ್ತಿದ್ದ ಎರಡು ಬಗೆಯ ಉಪದೇಶಗಳ ಮೇಲೆ. ಒಬ್ಬರು, "ಕಾಲ ಸರಿಯಿಲ್ಲ, ಕೈ ಬಿಗಿಹಿಡಿಯಿರಿ" ಎನ್ನುತ್ತಿದ್ದರು. ಇನ್ನೊಬ್ಬರು, 2025ರ ಆರಂಭದಲ್ಲಿ ಶೇಕಡಾ 6.50 ಇದ್ದ ರಿಸರ್ವ್ ಬ್ಯಾಂಕಿನ ರೆಪೊ ದರ ಇಳಿಯುತ್ತಲೇ ಇರುವುದನ್ನು ಬೆರಳೆಣಿಸಿ ತೋರಿಸಿ, "ಸಾಲ ಇಷ್ಟು ಅಗ್ಗವಾಗಿ ಮತ್ತೆ ಸಿಕ್ಕೀತೆ? ಈಗಲೇ ಕೊಳ್ಳಿರಿ" ಎನ್ನುತ್ತಿದ್ದರು. ಅದು ಆ ವರ್ಷದ ಡಿಸೆಂಬರಿನಲ್ಲಿ 5.25ಕ್ಕೆ ಬಂದು ನಿಂತಿತು. ಇಬ್ಬರೂ ಕಾಲವನ್ನು ನೋಡಿ ಮಾತಾಡುತ್ತಿದ್ದರು. ಗಾಡಿಯನ್ನು ನೋಡಿ ಮಾತಾಡುವವರು ಯಾರೂ ಇರಲಿಲ್ಲ.

ಅನಿಶ್ಚಿತ ಕಾಲವೆಂಬುದು ನಮ್ಮ ಸೀಮೆಗೆ ಇಂದು ನಿನ್ನೆ ಬಂದ ಅತಿಥಿಯಲ್ಲ. ಶಿವಮೊಗ್ಗದ ಗೃಹಸ್ಥನು ಬೆಳಿಗ್ಗೆ ಪತ್ರಿಕೆ ಕೈಗೆ ಬಂದೊಡನೆ ಮೊದಲು ನೋಡತಕ್ಕದ್ದು ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಕೆಯ ನಾಲ್ಕು ಹೆಸರುಗಳ ಮುಂದಿರುವ ಅಂಕಿಗಳನ್ನು; ಮಗಳ ಮದುವೆಯ ಛತ್ರದಿಂದ ಹಿಡಿದು ಮನೆಯ ಸುಣ್ಣಬಣ್ಣದವರೆಗೆ ಎಲ್ಲವೂ ಆ ಅಂಕಿಗಳ ಏರಿಳಿತವನ್ನು ಅನುಸರಿಸುತ್ತವೆ, ಮೇಲೆ ಎಲೆಚುಕ್ಕೆ ರೋಗದ ಭಯ ಬೇರೆ. ಇನ್ನು ಭದ್ರಾವತಿಯ ಮಾತಂತೂ ಹೇಳುವುದೇ ಬೇಡ. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದು, ಆಮೇಲೆ ರೋಲಿಂಗ್ ಮಿಲ್ಲಿನಷ್ಟು ಕೆಲಸ ಮತ್ತೆ ಆರಂಭವಾಯಿತು. ಆ ನಿರ್ಧಾರದ ಮರುತಿಂಗಳು, ಫೆಬ್ರವರಿ 27ರಂದು, ಸೋಗಾನೆಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಹದಿನೆಂಟು ಕಿಲೋಮೀಟರಿನ ಅಂತರದಲ್ಲಿ ಒಂದು ಊರು ಮುಗಿಲು ನೋಡುತ್ತಿದ್ದಾಗ ಇನ್ನೊಂದು ಊರು ತನ್ನ ಚಿಮಣಿಯನ್ನು ನೋಡುತ್ತ ಕುಳಿತಿತ್ತು. ಇಂತಹ ಸ್ಥಳದಲ್ಲಿ "ಕಾಲ ಸರಿಹೋಗಲಿ, ಆಮೇಲೆ ಕೊಳ್ಳೋಣ" ಎಂದು ಕಾಯುವವನು ಹೊಳೆಯ ನೀರೆಲ್ಲ ಹರಿದುಹೋಗಲಿ, ಆಮೇಲೆ ದಾಟೋಣ ಎಂದು ದಂಡೆಯಲ್ಲಿ ಕುಳಿತವನೇ ಸರಿ.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದದ್ದಾದರೂ ಒಳ್ಳೆಯ ಕಾಲದಲ್ಲಿಯೆ? ಮೊದಲ ಮಹಾಯುದ್ಧದ ವೇಳೆಯಲ್ಲಿ ಕಬ್ಬಿಣಕ್ಕಿದ್ದ ಬೆಲೆಯನ್ನು ನಂಬಿ ಯೋಜನೆ ಹೂಡಿದರೆ, 1923ರಲ್ಲಿ ಕಬ್ಬಿಣ ಹೊರಬರುವ ಹೊತ್ತಿಗೆ ಬೆಲೆ ಕುಸಿದುಹೋಗಿತ್ತು. ಸಂಸ್ಥಾನದ ಹಣವನ್ನು ಕಾಡಿನಲ್ಲಿ ಸುರಿದರೆಂಬ ನಿಂದೆಯೂ ಹುಟ್ಟಿತು. ದಿವಾನಗಿರಿಯನ್ನು ಬಿಟ್ಟು ಐದು ವರ್ಷಗಳ ಮೇಲೆ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು ವೆಚ್ಚವನ್ನು ಹಿಡಿತಕ್ಕೆ ತಂದ ಕಥೆಯನ್ನು ಭದ್ರಾವತಿಯ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಭಾವನವರೂ ಅದನ್ನೇ ನನ್ನ ಮುಂದೆ ತಂದಿಟ್ಟು, "ಅವರು ಹೆದರಿದ್ದರೆ ಈ ಊರೇ ಇರುತ್ತಿರಲಿಲ್ಲ" ಎಂದರು. ಮಾತು ನಿಜವೆ. ಆದರೆ ಅದರ ಒಳಗೊಂದು ಭೇದವಿದೆ: ಊದುಕುಲುಮೆಗೆ ಒಮ್ಮೆ ಬೆಂಕಿ ಬಿದ್ದಿತೆಂದರೆ ಹಗಲಿಲ್ಲ, ಇರುಳಿಲ್ಲ, ಹಬ್ಬವಿಲ್ಲ, ಹಾಕಿದ ಬಂಡವಾಳ ಪ್ರತಿ ಗಳಿಗೆಯೂ ದುಡಿಯುತ್ತಿರಬೇಕು. ಕೆಟ್ಟ ಕಾಲದಲ್ಲಿ ಆ ಸಾಹಸ ಉಳಿದುಕೊಂಡದ್ದು ಧೈರ್ಯದಿಂದ ಎಷ್ಟೋ, ನಿಲ್ಲದೆ ದುಡಿದದ್ದರಿಂದಲೂ ಅಷ್ಟೆ. ನಿಂತ ಕುಲುಮೆ ಎಂಥದೆಂಬುದನ್ನು ಭಾವನವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಭದ್ರಾವತಿಯನ್ನು ಹೋಲುವ ಊರೊಂದು ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿದೆ, ಹೆಸರು ಎಲ್ಕ್‌ಹಾರ್ಟ್. ಅಲ್ಲಿಯ ಜನ ಹಿಡಿದಿರುವ ಕಸುಬೇ ಈ ಚಕ್ರದ ಮನೆಗಳನ್ನು ಕಟ್ಟುವುದು. 2008ರ ಮುಗ್ಗಟ್ಟು ಬಂದಾಗ ಆ ದೇಶದ ಗೃಹಸ್ಥರು ಎಲ್ಲಕ್ಕಿಂತ ಮೊದಲು ಕೈಬಿಟ್ಟ ಕನಸು ಇದೇ ಆದ್ದರಿಂದ, ಎಲ್ಕ್‌ಹಾರ್ಟಿನಲ್ಲಿ ಐವರಲ್ಲಿ ಒಬ್ಬರಿಗೆ ಕೆಲಸವಿಲ್ಲದಂತಾಯಿತು. ಅಧ್ಯಕ್ಷ ಒಬಾಮಾ ಅಧಿಕಾರಕ್ಕೆ ಬಂದ ತಿಂಗಳೊಳಗೆ ಅಲ್ಲಿಗೆ ಹೋಗಬೇಕಾಯಿತು. ಕೊರೋನಾದ ಕಾಲಕ್ಕೆ ಗಾಳಿ ತಿರುಗಿತು. ಹೋಟೆಲಿಗೆ ಹೆದರಿದವರೆಲ್ಲ ಗಾಡಿಗೆ ಮುಗಿಬಿದ್ದು, 2021ರಲ್ಲಿ ಆ ದೇಶದ ಕಾರ್ಖಾನೆಗಳಿಂದ 6 ಲಕ್ಷ ಗಾಡಿಗಳು ಹೊರಬಿದ್ದವು. ಎರಡೇ ವರ್ಷದಲ್ಲಿ, 2023ಕ್ಕೆ, ಅದು 3 ಲಕ್ಷ 13 ಸಾವಿರಕ್ಕೆ ಇಳಿಯಿತು. ಗಾಡಿ ಕಟ್ಟುವ ಊರಿಗೇ ಅದರ ಬೇಡಿಕೆಯ ಮೇಲೆ ಭರವಸೆಯಿಲ್ಲದಿರುವಾಗ, ಕೊಂಡ ಗಾಡಿಯನ್ನು ಬೇಡವಾದಾಗ ಮಾರಿಬಿಡಬಹುದೆಂಬ ಧೈರ್ಯದಿಂದ ಭದ್ರಾವತಿಯವರು ಕೊಳ್ಳುವುದು ಉಚಿತವಲ್ಲ. ಮಾರುತಿ ಕಾರಿಗೆ ಸಂತೆಯ ದಿನ ಗಿರಾಕಿ ಸಿಕ್ಕಾನು. ಇದಕ್ಕೆ ಇನ್ನೊಬ್ಬ ಭಾವನವರೇ ಸಿಕ್ಕಬೇಕು.

ಒಂದು ಭಾನುವಾರ ನಾವು ಲೆಕ್ಕಕ್ಕೆ ಕುಳಿತೆವು. ಗಾಡಿ ಮತ್ತು ಒಳಗಣ ಕೆಲಸ ಸೇರಿ ಅವರಿಗೆ ಹೇಳಿದ್ದ ಬೆಲೆ ಇಪ್ಪತ್ತೆಂಟು ಲಕ್ಷ. ಎಂಟು ಲಕ್ಷವನ್ನು ಕೈಯಿಂದ ಹಾಕಿ, ಇಪ್ಪತ್ತು ಲಕ್ಷವನ್ನು ಶೇಕಡಾ ಹತ್ತರ ಬಡ್ಡಿಗೆ ಏಳು ವರ್ಷದ ಸಾಲ ಮಾಡಿದರೆ, ತಿಂಗಳ ಕಂತು 33 ಸಾವಿರದ 200 ರೂಪಾಯಿ. ಕೊನೆಗೆ ಬಡ್ಡಿಯೊಂದೇ 7 ಲಕ್ಷ 89 ಸಾವಿರ. ಪಿಂಚಣಿಯಿಲ್ಲದವರಿಗೆ ಇದು ಆಗದ ಮಾತೆಂದು ಅವರೇ ಹಾಳೆಯ ಮೇಲೆ ಗೀಟು ಎಳೆದರು. ಹಾಗಾದರೆ ಸಾಲವಿಲ್ಲದೆ, ಠೇವಣಿಯನ್ನು ಮುರಿದು? ಇಪ್ಪತ್ತೆಂಟು ಲಕ್ಷ ಬ್ಯಾಂಕಿನಲ್ಲಿ ಆರೂವರೆಯ ಬಡ್ಡಿಗೆ ಇದ್ದರೆ ವರ್ಷಕ್ಕೆ 1 ಲಕ್ಷ 82 ಸಾವಿರ ಬರುತ್ತದೆ. ಚಾಲಕನ ಸಹಿತ ಇಂಥದೇ ಗಾಡಿಯನ್ನು ಬಾಡಿಗೆಗೆ ಕೊಡುವವರು ದಿನಕ್ಕೆ ಹದಿನೈದು ಸಾವಿರ ಕೇಳಿದ್ದರು. ಹಾಗೆಂದ ಮೇಲೆ ಅಸಲನ್ನು ಮುಟ್ಟದೆ ಬಡ್ಡಿಯೊಂದರಲ್ಲಿಯೇ ವರ್ಷಕ್ಕೆ ಹನ್ನೆರಡು ದಿವಸ ತಿರುಗಾಡಬಹುದು.

"ನಾವು ಅರವತ್ತು ದಿನ ಹೋಗುತ್ತೇವೆ" ಎಂದರು ಭಾವನವರು. ಅತ್ತಿಗೆ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ. ಆ ನಾಲ್ಕು ತಿಂಗಳನ್ನು ಒಂದೇ ಏಟಿಗೆ ಹೊಡೆದುಹಾಕಿದರು. ಅನಂತರ ತವರಿನಲ್ಲಿ ಅಡಕೆ ಕೊಯ್ಲು, ಮಗಳ ಬಾಣಂತನ, ಮೊಮ್ಮಗನ ಪರೀಕ್ಷೆ, ವೈಶಾಖದ ಮದುವೆಗಳು, ಪಕ್ಷಮಾಸ, ಭಾವನವರದೇ ಕಣ್ಣಿನ ಶಸ್ತ್ರಚಿಕಿತ್ಸೆ. ಒಂದೊಂದನ್ನೂ ಹೊಡೆಯುತ್ತ ಬಂದು ಪೆನ್ಸಿಲನ್ನು ಕೆಳಗಿಟ್ಟಾಗ ಹದಿನಾಲ್ಕು ದಿನ ಉಳಿದಿದ್ದವು. ಅಷ್ಟು ದಿನದ ಬಾಡಿಗೆಗೆ ಬಡ್ಡಿ ಸಾಲದೆ ಕೈಯಿಂದ ಹಾಕಬೇಕಾದದ್ದು 28 ಸಾವಿರ. ವಿಮೆ, ತೆರಿಗೆ, ಟೈರು, ಬ್ಯಾಟರಿಗಳಿಗೆ ಒಡೆಯನು ಕೊಡಬೇಕಾದ್ದರ ಮುಂದೆ ಅದೇನೂ ದೊಡ್ಡ ಮೊತ್ತವಲ್ಲ. ಮೂರು ವರ್ಷದ ಊಟ ಔಷಧಗಳಿಗೆ ಬೇಕಾದ್ದನ್ನು ಬೇರೆ ಎತ್ತಿಟ್ಟು, ಸಾಲವಿಲ್ಲದೆ ಕೊಳ್ಳಬಲ್ಲವನು, ಕ್ಯಾಲೆಂಡರಿನಲ್ಲಿ ನೂರು ದಿನವನ್ನು ಪ್ರಾಮಾಣಿಕವಾಗಿ ಉಳಿಸಿಕೊಳ್ಳಬಲ್ಲವನಾದರೆ, ಲೋಕವೇ ಮುಳುಗುತ್ತಿದೆ ಎಂದು ಪತ್ರಿಕೆಗಳು ಕೂಗುತ್ತಿದ್ದರೂ ಕೊಳ್ಳಲಿ. ಅವನ ಮನೆಗೇ ನಾನು ಹಾರ ತೆಗೆದುಕೊಂಡು ಹೋಗಿ ಗಾಡಿಗೆ ಹಾಕುತ್ತೇನೆ. ಹದಿನಾಲ್ಕು ದಿನದವನು ಸುಭಿಕ್ಷ ಕಾಲದಲ್ಲಿಯೂ ಬಾಡಿಗೆಗೆ ಹಿಡಿಯತಕ್ಕದ್ದು.

ನಮ್ಮ ಮಲೆನಾಡಿನ ಹವೆಯೂ ನಿಂತ ಗಾಡಿಯ ಪಕ್ಷಪಾತಿಯಲ್ಲ. ಆಷಾಢದಲ್ಲಿ ಬೀರುವಿನೊಳಗಣ ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿನಲ್ಲಿ, ಮುಚ್ಚಿಟ್ಟ ಗಾಡಿಯ ಹಾಸಿಗೆ, ಪರದೆ, ಪ್ಲೈವುಡ್ಡಿನ ಕಪಾಟುಗಳು ಯಾವ ಸ್ಥಿತಿಗೆ ಬರುತ್ತವೆಂಬುದನ್ನು ವಿವರಿಸಬೇಕಾದ್ದಿಲ್ಲ. ಮಾಡಿನ ಮೇಲೆ ಸೌರಫಲಕ ಹಾಕಿಸಿದರೆ ಅದಕ್ಕೆ ವಾರಗಟ್ಟಲೆ ಸೂರ್ಯದರ್ಶನವಿಲ್ಲ. ನೂರು ಲೀಟರು ನೀರೆಂದರೆ ನೂರು ಕಿಲೋ ಭಾರ. ಇಬ್ಬರಿಗೆ ಸ್ನಾನಕ್ಕೆ ಅದು ಒಂದೂವರೆ ದಿನ ಬಂದರೆ ಹೆಚ್ಚು. ದೊಡ್ಡ ಬಸ್ಸಿನಂಥ ಗಾಡಿಯಾದರೆ ಆಗುಂಬೆಯ ಘಾಟಿಯನ್ನು ಇಳಿಯುವಂತಿಲ್ಲ. ಅಲ್ಲಿ ಮಿನಿಬಸ್ಸುಗಳಿಗೆ ಮಾತ್ರ ದಾರಿ. ಕೆಲವರು ಅಗ್ಗವಾಗಲೆಂದು ಹಳೆಯ ಟಿಟಿಯನ್ನು ಕೊಂಡು ಬಡಗಿಯಿಂದ ಮಂಚ ಹೊಡೆಸಿಕೊಳ್ಳುತ್ತಾರೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ವಾಹನದ ಮೂಲಸ್ವರೂಪವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಲಾಗದು. ಇಂಥ ಗಾಡಿಗಳಿಗೆಂದೇ ಎಐಎಸ್ 124 ಎಂಬ ಪ್ರತ್ಯೇಕ ಮಾನಕವಿದೆ. ಆರ್‌ಟಿಒ ಒಪ್ಪಿಗೆಯಿಲ್ಲದ ಮಂಚ ಅಪಘಾತವಾದ ದಿನ ವಿಮೆಯವರ ಕಣ್ಣಿಗೇ ಮೊದಲು ಬೀಳುತ್ತದೆ.

ಇವೆಲ್ಲಕ್ಕಿಂತ ಕಠಿಣವಾದದ್ದು, ಸಭ್ಯರು ಎತ್ತದ ಪ್ರಶ್ನೆ: ಶೌಚದ ತೊಟ್ಟಿಯನ್ನು ಬರಿದುಮಾಡುವುದೆಲ್ಲಿ? ರಾಜ್ಯದ ಪ್ರವಾಸೋದ್ಯಮ ನಿಗಮವು 2021ರಲ್ಲಿ ಖಾಸಗಿಯವರೊಡನೆ ಸೇರಿ ಕ್ಯಾರವಾನ್ ಪ್ರವಾಸಕ್ಕೆ ಚಾಲನೆಯೇನೋ ಕೊಟ್ಟಿತು. ಆದರೆ ರಾತ್ರಿ ತಂಗುವುದಕ್ಕೆ ನೆಲ, ವಿದ್ಯುತ್ತು, ನೀರು, ಮಲಿನವನ್ನು ಹರಿಯಬಿಡುವುದಕ್ಕೆ ಗುಂಡಿ ಇವು ಊರೂರಿಗೆ ಇಲ್ಲದೆ ಗಾಡಿಗಳು ಹೆಚ್ಚಿದರೆ, ಅದರ ಪರಿಣಾಮವನ್ನು ಉಣ್ಣತಕ್ಕವರು ತುಂಗಾ ಭದ್ರಾ ತೀರದವರು. ಸರ್ಕಾರ ಗಾಡಿ ಕೊಳ್ಳುವವರಿಗೆ ರಿಯಾಯಿತಿ ಕೊಡುವ ಯೋಚನೆಯಲ್ಲಿದ್ದರೆ, ಆ ಹಣದಲ್ಲಿ ಮೊದಲು ಗುಂಡಿಗಳನ್ನು ತೋಡಿಸಲಿ.

ಮಾರ್ಗಶಿರದಲ್ಲಿ ಭಾವನವರು ಮೂರು ದಿನಕ್ಕೆ ಗಾಡಿಯನ್ನು ಬಾಡಿಗೆಗೆ ಹಿಡಿದರು. ನಾನೂ ನನ್ನ ಹೆಂಡತಿಯೂ ಕಾರಿನಲ್ಲಿ ಹಿಂದೆ ಹೋದೆವು. ಜೋಗದಲ್ಲಿ ನೀರು ಅಷ್ಟಾಗಿ ಇರಲಿಲ್ಲ. 2025ರ ಜುಲೈನಲ್ಲಿ ತೆರೆದ ಸಿಗಂದೂರಿನ ಹೊಸ ಸೇತುವೆಯ ಮೇಲೆ, ಲಾಂಚಿಗೆ ಸರದಿ ನಿಂತು ಕಾದ ಹಿಂದಿನ ದಿನಗಳನ್ನು ಜ್ಞಾಪಿಸಿಕೊಳ್ಳುತ್ತ ನಿಧಾನವಾಗಿ ದಾಟಿದೆವು. ಸಂಜೆಗೆ ಸಾಗರದ ಆಚೆ ಅತ್ತಿಗೆಯ ಸೋದರಮಾವನ ಮನೆ. ಗಾಡಿಯ ಎತ್ತರಕ್ಕೆ ಅಂಗಳದ ಅಡಕೆ ಚಪ್ಪರ ತಾಗುತ್ತಿದ್ದುದರಿಂದ ಅದು ದಣಪೆಯ ಆಚೆಯೇ ನಿಂತಿತು. ಒಳಗೆ ಹತ್ತು ಹನ್ನೆರಡು ಜನ ದೀಪದ ಕೆಳಗೆ ಕುಳಿತು ಅಡಕೆ ಸುಲಿಯುತ್ತಿದ್ದರು. ಊಟವಾದ ಮೇಲೆ ಭಾವನವರು ಕೈ ಒರಸಿಕೊಂಡು, "ನಾವು ಗಾಡಿಯಲ್ಲೇ ಮಲಗಿಕೊಳ್ಳುತ್ತೇವೆ" ಎಂದಾಗ ಮಾವನವರ ಮುಖ ಇಳಿದುಹೋಯಿತು. "ಮನೆಬಾಗಿಲಿಗೆ ಬಂದು ರಸ್ತೆಯಲ್ಲಿ ಮಲಗುತ್ತೀರೇನು? ನಾಲ್ಕು ಜನ ಕಂಡರೆ ಏನೆಂದಾರು?" ಎಂದು ಅವರು ಎದ್ದೇಬಿಟ್ಟರು. ಉಪ್ಪರಿಗೆಯಲ್ಲಿ ಹಾಸಿಗೆಗಳು ಬಿದ್ದವು. ಎರಡನೆಯ ರಾತ್ರಿಯೂ ಅವರು ಬಿಡಲಿಲ್ಲ.

ಹೊರಡುವ ಬೆಳಿಗ್ಗೆ ಭಾವನವರು ಲೋಟದಲ್ಲಿ ಕಾಫಿ ಹಿಡಿದು ದಣಪೆ ದಾಟಿ, ಎರಡು ರಾತ್ರಿಯೂ ಗಾಡಿಯೊಳಗೆ ಒಬ್ಬನೇ ಮಲಗಿದ್ದ ಚಾಲಕನನ್ನು ಎಬ್ಬಿಸಿ, ಹಾಸಿಗೆ ಹೇಗಿತ್ತಪ್ಪ ಎಂದು ಬಹಳ ಹೊತ್ತು ವಿಚಾರಿಸುತ್ತಿದ್ದರು.